ಏಳನೇ ಕಲಂ

ಅಮ್ಮತ್ತಿಯ ಬಸ್ ಸ್ಟ್ಯಾಂಡಿನೆದುರು ನನ್ನ ಟೈಪ್ ಮಿಷನ್ನು.
ಅರ್ಜಿಗೆ ಮೂವತ್ತು, ಕಾರ್ಬನ್ ಪ್ರತಿಗೆ ಐದು ಹೆಚ್ಚು.
ನಬೀಸಾತ ಯಾವಾಗಲೂ ಆ ಐದು ಕೊಡುವವಳು.

ಮೊದಲ ಸಲ ಬಂದದ್ದು ಗ್ಯಾಸಿನ ತಕರಾರಿಗೆ.
ಕ್ಯಾಂಟೀನಿನ ಸಿಲಿಂಡರನ್ನು ಹೊರಿಸಿಕೊಂಡು ಹೋಗಿ
ಪಕ್ಕದ ಮೆಣಸಿನ ಮಂಡಿಯ ತಕ್ಕಡಿಗೆ ಏರಿಸಿದ್ದಳಂತೆ,
ಒಂದೂವರೆ ಕಿಲೋ ಕಮ್ಮಿ.
"ಮೆಣಸಿನಲ್ಲಿ ಇಷ್ಟು ಹೋಗಿದ್ದರೆ ಮಂಡಿಯವನು ಸುಮ್ಮನಿರುತ್ತಿದ್ದನಾ?"
ಮಡಿಕೇರಿಯ ಗ್ರಾಹಕರ ಆಯೋಗಕ್ಕೆ ಹನ್ನೊಂದು ಸಲ ಬಸ್ ಹತ್ತಿದಳು.
ಗೆದ್ದ ಹಣದಲ್ಲಿ ಒಂದು ತಕ್ಕಡಿ ಕೊಂಡು
ಚಹಾ ಲೋಟಗಳ ಪಕ್ಕ ನೇತುಹಾಕಿದಳು:
ಯಾರು ಬೇಕಾದರೂ ತೂಗಿಕೊಳ್ಳಿ, ದುಡ್ಡಿಲ್ಲ.
ಜನ ರೇಷನ್ ಅಕ್ಕಿ ತೂಗಿದರು, ಕೋಳಿ ತೂಗಿದರು,
ಒಬ್ಬ ತನ್ನ ಕೂಸನ್ನೂ.

ಡಿಸೆಂಬರಿನಲ್ಲಿ ಮತ್ತೆ ಬಂದಳು.
ತೋಟಗಳಲ್ಲಿ ಪಲ್ಪಿಂಗ್ ಶುರುವಾಗಿತ್ತು,
ತೊರೆಯಲ್ಲಿ ಹಳಸಿದ ಕಷಾಯ.
"ಬರೆಯಿರಿ, ಏಡಿಗಳು ನೀರು ಬಿಟ್ಟು ರಸ್ತೆ ಹತ್ತಿವೆ."
ನಾನು ಬರೆದೆ: ಜಲಚರಗಳಿಗೆ ತೊಂದರೆಯಾಗಿರುತ್ತದೆ.
ಓದಿಸಿ ಕೇಳಿದಳು. "ಅಷ್ಟೇ ಅಲ್ಲ.
ಇಕ್ಕಳ ಎತ್ತಿಕೊಂಡು ಬಂದಿವೆ, ಅರ್ಜಿ ಹಿಡಿದವರ ಹಾಗೆ."
ಅದನ್ನು ಯಾವ ಕಲಮಿನಲ್ಲಿ ಹಾಕುವುದು?
ಬಿಟ್ಟೆ.

ಸಹಿಗೆ ಅವಳೇ ಮನೆಮನೆ ನಡೆದಳು.
ಅರವತ್ತೊಂದು ಹೆಸರು, ಒಂಬತ್ತು ಹೆಬ್ಬೆಟ್ಟು.
ಎಸ್ಟೇಟಿನ ರೈಟರ್ ಒಬ್ಬ ಇರುವೆಯಷ್ಟು ಸಣ್ಣಗೆ ಸಹಿ ಮಾಡಿ
ಮರುದಿನ ಬಂದು ಹೊಡೆದುಹಾಕಿದ;
ಹೊಡೆದ ಗೆರೆ ಸಹಿಗಿಂತ ದೊಡ್ಡದು.

ಕೊನೆಗೆ ಪೂವಯ್ಯ. ಐದೆಕರೆ, ಒಂದು ಪುಟ್ಟ ಪಲ್ಪರ್.
ಕನ್ನಡಕ ಒರೆಸಿಕೊಂಡು ಇಡೀ ಅರ್ಜಿ ಓದಿದ.
"ಮೇಲಿನ ದೊಡ್ಡ ತೋಟಗಳೆಲ್ಲ ಇವೆ. ನನ್ನದಿಲ್ಲ.
ನನ್ನ ನೀರೂ ಅಲ್ಲಿಗೇ ಹೋಗುತ್ತದೆ. ಸೇರಿಸಿ,
ಆಮೇಲೆ ಪೆನ್ನು ಕೊಡಿ."
ಮೂವತ್ತೊಂದು ವರ್ಷದಲ್ಲಿ
ತನ್ನ ಮೇಲೆ ತಾನೇ ದೂರು ಬರೆಸಿದವನನ್ನು ಕಂಡಿರಲಿಲ್ಲ.
ಏಳನೇ ಕಲಂ ಎಂದು ಹೊಡೆದೆ. ರಿಬ್ಬನ್ ಆಗಲೇ ಮಸುಕು.

ಬೆಂಗಳೂರಿನ ಮಂಡಳಿಯಲ್ಲಿ ಟಪಾಲಿನವ ಪೆಟ್ಟಿಗೆ ತೋರಿಸಿದ.
ನಬೀಸಾತ ಅತ್ತ ನೋಡಲಿಲ್ಲ. "ಸ್ವೀಕೃತಿ ಕೊಡಿ."
ಊಟದ ಹೊತ್ತಾಯಿತು. "ಸ್ವೀಕೃತಿ."
ಚೀಲದಲ್ಲಿ ತೊರೆಯ ನೀರಿನ ಬಾಟಲಿಯಿತ್ತು,
ಕುಡಿದು ನೋಡಿ ಸ್ವಾಮಿ ಎಂದು
ಪೇಪರಿನವರೆದುರು ಆಡಬಹುದಿತ್ತು; ಅವಳಿಗೆ ಆ ಆಟ ಬೇಡ.
ಮೂರೂವರೆಗೆ ಮುದ್ರೆ ಬಿತ್ತು.
ರಾತ್ರಿ, ಹುಣಸೂರು ದಾಟುವ ತನಕ,
ಎದುರು ಬಂದ ಲಾರಿಗಳ ಬೆಳಕಿಗೆ ಅದನ್ನು ಹಿಡಿದು ಹಿಡಿದು ನೋಡಿದಳು,
ಖೋಟಾ ನೋಟು ನೋಡುವ ಹಾಗೆ.

ಮಾರ್ಚಿನಲ್ಲಿ ಜೀಪು ಬಂತು.
ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ,
ಪಲ್ಪಿಂಗ್ ಮುಗಿದು ತೊರೆಯ ತಳದ ಕಲ್ಲು ಎಣಿಸಬಹುದಿತ್ತು.
ನೀರು ತಿಳಿಯಾಗಿದೆ, ಎಂದು ಬರೆದುಕೊಂಡರು. ಸುಳ್ಳಲ್ಲ.
ಬರೆದದ್ದಕ್ಕೂ ಒಂದು ಪ್ರತಿ ಕೇಳಿ ಇಸಿದುಕೊಂಡಳು ನಬೀಸಾತ.
ಹೊರಡುವಾಗ ಅಧಿಕಾರಿ, ಇನ್ನೂ ಎಳೆಯ ಹುಡುಗಿ,
ಏಳನೇ ಕಲಮಿನವರು ಯಾರೆಂದು ಕೇಳಿ
ಪೂವಯ್ಯನ ತೋಟಕ್ಕೆ ಒಬ್ಬಳೇ ನಡೆದುಹೋದಳು.
ಗುಂಡಿ ಎಷ್ಟು ಆಳ, ಸುಣ್ಣ ಎಷ್ಟು,
ಕಾಫಿ ರೆಂಬೆಯಲ್ಲಿ ನೆಲದ ಮೇಲೆ ಗೀಚಿ ತೋರಿಸಿದಳಂತೆ.

ಈಗ ಪೂವಯ್ಯನ ಗುಂಡಿ ಇದೆ. ಮೇಲಿನವರದ್ದು ಇಲ್ಲ.
ತೊರೆ ಈ ವರ್ಷವೂ ಕಪ್ಪು.
ಒಂದು ಮೋರಿಯಷ್ಟು ಕಮ್ಮಿ ಕಪ್ಪು ಅನ್ನುತ್ತಾನೆ ಅವನು,
ನನಗೆ ಕಾಣುವುದಿಲ್ಲ.

ನಿನ್ನೆ ನಬೀಸಾತ ಬಂದು ಮೂವತ್ತೈದು ಎಣಿಸಿಟ್ಟಳು.
ಎಲ್ಲಿಂದ ಶುರು ಮಾಡಲಿ ಅಂದೆ.
"ಏಡಿಯಿಂದ."
ಹೊಸ ರಿಬ್ಬನ್ ಏರಿಸಿದೆ, ಹಾಗೇ ಹೊಡೆದೆ:
ಮಾನ್ಯರೇ, ಏಡಿಗಳು ಇಕ್ಕಳ ಎತ್ತಿಕೊಂಡು
ರಸ್ತೆಗೆ ಬಂದಿರುತ್ತವೆ.